ಇಪ್ಪತ್ತನಾಲ್ಕು ಬಂಗುಡೆ ಸಾಕು ಎಂಬ ನನ್ನ ಸಿದ್ಧಾಂತ

ಭಾನುವಾರ, ಬೆಳಿಗ್ಗೆ ಏಳೂ ಹತ್ತು. ಬಿಕರ್ನಕಟ್ಟೆಯ ನಮ್ಮ ಮನೆಯ ಇತಿಹಾಸದಲ್ಲಿ ಗಣಿತವು ಅಡುಗೆಮನೆಗೆ ಪ್ರವೇಶಿಸಿದ್ದು ಆ ಗಳಿಗೆಯಲ್ಲಿ. ಕರೆತಂದವಳು ನಾನೇ!

ಅಕ್ಕನನ್ನು ಒಪ್ಪಿದ ಹುಡುಗನ ಕಡೆಯವರು ಮಧ್ಯಾಹ್ನ ಊಟಕ್ಕೆ ಬರುವವರಿದ್ದರು. ಅಕ್ಕ ಅವನನ್ನು ಒಪ್ಪಿದ್ದಾಳೋ ಇಲ್ಲವೋ ಯಾರಿಗೂ ಗೊತ್ತಿಲ್ಲ; ಊಟವಾದ ಮೇಲೆ ಹೇಳುತ್ತೇನೆ ಎಂದಿದ್ದಳು. ತಲೆಗೊಂದು ಇಡೀ ಬಂಗುಡೆ ಫ್ರೈ ಎಂದು ಅಮ್ಮ ಘೋಷಿಸಿದರು. ಎಷ್ಟು ತಲೆ?

ಸಂಬಂಧ ತಂದ ಸುಂದರ ಮಾವನಿಗೆ ಫೋನ್ ಮಾಡಿದೆ.

"ಕಾರಿಗೆ ನಾಲ್ಕು ನಾಲ್ಕು ಜನ ಬರುದು, ಹೆಚ್ಚೂ ಇಲ್ಲ ಕಮ್ಮಿಯೂ ಇಲ್ಲ. ಟೇಬಲಿಗೆ ಆರಾರು ಜನ ಕೂತ್ರೂ ಸರಿಯಾಗ್ತದೆ. ಇಪ್ಪತ್ತರ ಮೇಲೆ, ನಲ್ವತ್ತರ ಒಳಗೆ. ನಿಲ್ಲು, ಸರಿ ಲೆಕ್ಕ ಹೇಳ್ತೇನೆ..."

"ಬೇಡ ಮಾವ!" ಎಂದು ಫೋನ್ ಇಟ್ಟೆ.

ನಾನು ಎಂ.ಬಿ.ಎ. ಪ್ರವೇಶ ಪರೀಕ್ಷೆಗೆ ಓದುತ್ತಿರುವವಳು. ಅದರಲ್ಲಿ ಒಂದು ಬಗೆಯ ಪ್ರಶ್ನೆಯಿದೆ. ಎರಡು ಹೇಳಿಕೆ ಕೊಡುತ್ತಾರೆ. ಉತ್ತರ ಹೇಳಬೇಕಾಗಿಲ್ಲ, ಉತ್ತರ ಸಿಗಲು ಅಷ್ಟು ಮಾಹಿತಿ ಸಾಕೇ ಎಂದಷ್ಟೇ ಹೇಳಬೇಕು.

"ಎಷ್ಟು ಜನವಂತೆ?" ಅಮ್ಮ ಕೇಳಿದರು.

"ಮಾಹಿತಿ ಸಾಕು, ಅಮ್ಮ."

"ಎಷ್ಟು ಅಂತ ಕೇಳಿದ್ದು ಮಾರಾಯ್ತಿ!"

"ಅದನ್ನು ಪರೀಕ್ಷೆಯಲ್ಲಿ ಕೇಳುದಿಲ್ಲ."

ಅಮ್ಮ ಸೌಟು ಎತ್ತಿದರು. ನಾನು ಪೆನ್ನು ಎತ್ತಿದೆ.

ನಾಲ್ಕನ್ನು ಒಡೆದೆ: ಎರಡು, ಎರಡು. ಆರನ್ನು ಒಡೆದೆ: ಎರಡು, ಮೂರು. ಈ ಅವಿಭಾಜ್ಯ ಅಪವರ್ತನಗಳನ್ನೆಲ್ಲ ಗುಣಿಸಿದರೆ ಇಪ್ಪತ್ತನಾಲ್ಕು. ಅದರ ಎರಡರಷ್ಟು ನಲ್ವತ್ತೆಂಟು, ನಲ್ವತ್ತರ ಆಚೆಗೆ. ಆದ್ದರಿಂದ ಅತಿಥಿಗಳು ಇಪ್ಪತ್ತನಾಲ್ಕೇ! ಅಷ್ಟೇ ಬಂಗುಡೆ ತರಿಸಿದೆವು.

ಒಂದು ಗಂಟೆಗೆ ಗೇಟಿನಲ್ಲಿ ನಿಂತು ಕಾರಿಗೊಂದು ಗೆರೆ ಎಳೆಯುತ್ತಾ ಬಂದೆ. ಆರನೆಯ ಗೆರೆ ಎಳೆದು, ಹೆಮ್ಮೆಯಿಂದ ಪೆನ್ನು ಮುಚ್ಚಿದೆ. ಏಳನೆಯದು ಬಂತು. ಪಕ್ಕದ ಮನೆಗಿರಬೇಕು! ಎಂಟನೆಯದರಿಂದ ಇಳಿದವರು ನನಗೇ ನಮಸ್ಕಾರ ಮಾಡಿದರು. ಒಂಬತ್ತನೆಯದು ನಿಲ್ಲಿಸಲು ಜಾಗ ಸಿಗದೆ ಹಾರ್ನ್ ಹೊಡೆಯಿತು.

ಮೂವತ್ತಾರು! ನಾಲ್ಕರಿಂದ ಭಾಗವಾಗುತ್ತದೆ. ಆರರಿಂದಲೂ ಭಾಗವಾಗುತ್ತದೆ. ಬಂಗುಡೆಯಿಂದ ಮಾತ್ರ ಆಗುವುದಿಲ್ಲ!

ಅಡುಗೆಮನೆಗೆ ಓಡಿ ಅಕ್ಕನಿಗೆ ನನ್ನ ಲೆಕ್ಕ ತೋರಿಸಿದೆ.

"ನಾಲ್ಕರೊಳಗೆ ಇದ್ದ ಎರಡೇ ಆರಕ್ಕೂ ಆಗ್ತಿತ್ತಲ್ಲ ಪೆದ್ದಿ! ಇನ್ನೊಂದು ಎರಡು ಎಂತಕ್ಕೆ? ಹನ್ನೆರಡರ ಲೆಕ್ಕ ಇದು. ಇಪ್ಪತ್ತನಾಲ್ಕೂ ಆಗ್ಬಹುದು, ಮೂವತ್ತಾರೂ ಆಗ್ಬಹುದು."

ಹೇಳುತ್ತಲೇ ಚೂರಿ ತೆಗೆದು ಪ್ರತಿ ಮೀನನ್ನೂ ತಲೆ, ನಡು, ಬಾಲ ಎಂದು ಮೂರು ಮಾಡಿದಳು. ಅತಿಥಿಗಳಿಗೆ ತಲಾ ಎರಡು ತುಂಡು. ಮನೆಯವರಿಗೆ ಕಾವಲಿಗೆ ಹಿಡಿದ ಮಸಾಲೆ.

ಹುಡುಗನ ಅಜ್ಜಿಗೆ ಬಡಿಸಿದ್ದು, ದುರದೃಷ್ಟವಶಾತ್, ನಾನು.

"ಎಂತ ಮಗಾ, ನಿಮ್ಮ ಮೀನಿಗೆ ಎರಡೆರಡು ಬಾಲ ಉಂಟಾ?"

ಎಲ್ಲರ ಊಟ ನಿಂತಿತು. ಬಾಗಿಲ ಹಿಂದೆ ಅಮ್ಮ ಕಣ್ಣು ಮುಚ್ಚಿಕೊಂಡರು. ಪಕ್ಕದಲ್ಲಿದ್ದ ಹುಡುಗ ತನ್ನ ನಡುತುಂಡನ್ನು ಅಜ್ಜಿಯ ಎಲೆಗೆ ಹಾಕಿ, ಒಂದು ಬಾಲ ಎತ್ತಿಕೊಂಡು ಚೀಪತೊಡಗಿದ. ಅಕ್ಕ ಅದನ್ನು ನೋಡಿದಳು.

ಎಲ್ಲರೂ ಹೋದ ಮೇಲೆ ಅಮ್ಮನಿಗೆ "ಹೌದು" ಎಂದಳು.

"ನನ್ನ ತಪ್ಪು ಲೆಕ್ಕದಿಂದಲೇ ಅಲ್ವಾ ಅಕ್ಕ?" ನಾನು ಉಬ್ಬಿಹೋದೆ.

"ಇಲ್ಲ ಮಾರಾಯ್ತಿ. ಅವರಿಗೆ ಹೋದ ವಾರವೇ ಒಪ್ಪಿಗೆ ಅಂತ ಮೆಸೇಜ್ ಮಾಡಿ ಆಗಿದೆ."

ಅಂದರೆ ಈ ಸಂಬಂಧ ಕೂಡಿಬರಲು ನನ್ನ ಗಣಿತ ಸಾಕಾಗಿಯೂ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ!

ಪರೀಕ್ಷೆ ಹತ್ತಿರವಾಗುತ್ತಿದೆ. ಯಾವ ಎರಡನ್ನು ಲೆಕ್ಕಕ್ಕೆ ಹಿಡಿಯಬೇಕು, ಯಾವುದನ್ನು ಬಿಡಬೇಕು ಎಂದು ನನಗಿಂತ ಚೆನ್ನಾಗಿ ಬಲ್ಲವರು ದಯವಿಟ್ಟು ಬರೆದು ತಿಳಿಸಿ. ಮೀನಿನ ಉದಾಹರಣೆ ಮಾತ್ರ ಬೇಡ. ನನಗೆ ಬರುವ ಕಾಗದಗಳನ್ನು ಅಮ್ಮನೇ ಮೊದಲು ಓದುವುದು!