ಉಸಿರು ತಾಗಬಾರದ ಡಾಲರ್

ಎಮರಿ ಸ್ಟೌಫರ್ ಆ ನವೆಂಬರಿನಲ್ಲಿ ಘೋರ ಪ್ರತಿಜ್ಞೆಯೊಂದನ್ನು ಮಾಡಿಬಿಟ್ಟ: ತಾನಿರುವ ತನಕ ಆ ನಾಣ್ಯದ ಮೇಲೆ ನರಮನುಷ್ಯರ ಉಸಿರು ಬೀಳಕೂಡದು!

ಅಂತಿಂಥ ನಾಣ್ಯವಲ್ಲ ಅದು. 1795ರ ಬೆಳ್ಳಿ ಡಾಲರ್. ಅಮೆರಿಕಕ್ಕೆ ಇನ್ನೂ ಹಾಲುಹಲ್ಲು ಬೀಳದ ಕಾಲದ್ದು. ಒಂದು ಕಡೆ ತಲೆಗೂದಲು ಬಿಟ್ಟುಕೊಂಡ ಸ್ವಾತಂತ್ರ್ಯದೇವಿ, ಇನ್ನೊಂದು ಕಡೆ ಊಟ ಕಾಣದ ಬಡಕಲು ಹದ್ದು. ಇನ್ನೂರು ವರ್ಷ ತಾನಾಗಿ ಕೂತ ಹೊಗೆಗಪ್ಪೇ ನಾಣ್ಯ ಸಂಗ್ರಹಿಸುವವರ ಕಣ್ಣಿಗೆ ಅದರ ಮರ್ಯಾದೆ, ಉಜ್ಜಿದರೆ ಬೆಲೆ ಮುಗಿಯಿತು. ಇದಕ್ಕಾಗಿ ಎಮರಿ ಮೀನು ಹಿಡಿಯುವ ದೋಣಿಯನ್ನೇ ಮಾರಿದ್ದ. ಭೂತಗನ್ನಡಿ ಹಿಡಿದು ನೋಡುವಾಗ ಅವನ ಕಣ್ಣು ನಿಜಕ್ಕೂ ಒದ್ದೆಯಾಗುತ್ತಿತ್ತು.

ಹೆಂಡತಿ ವರ್ನಾ ಇಣುಕಲು ಬಂದರೆ ಮಾರುದೂರದಲ್ಲೇ ನಿಲ್ಲಿಸುತ್ತಿದ್ದ.

"ಅಂಚು ಹಿಡೀಬೇಕು, ಉಸಿರು ಬಿಡಬಾರದು. ಅದು ನಿನ್ನ ಕೈಲಾಗಲ್ಲ, ನೀನು ಮಾತಾಡ್ತೀಯ."

ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಮರುದಿನ ನಾಣ್ಯಸಂಘದವರು ಡಾಲರಿನ ದರ್ಶನಕ್ಕೆ ಬರುವವರಿದ್ದರು. ಅಲ್ಲಿಯವರೆಗೆ ಕಳ್ಳರ ಭಯ. ಕಳ್ಳರು ತಿಜೋರಿಗೇ ಕೈಹಾಕುತ್ತಾರೆಂದು ತರ್ಕಿಸಿ, ವರ್ನಾಳ ತವರಿನ ಚಮಚಗಳ ಪೆಟ್ಟಿಗೆಯ ತಳದಲ್ಲಿ ಅದನ್ನು ಅಡಗಿಸಿಟ್ಟ. ಬೆಳ್ಳಿ ಚಮಚವನ್ನು ಕಂಡರೆ ಕಳ್ಳರು ಮುಖ ತಿರುಗಿಸಿಕೊಂಡು ಹೋಗುತ್ತಾರೆಯೇ? ಅದಿರಲಿ, ಆ ಪೆಟ್ಟಿಗೆ ತೆರೆಯುವುದೇ ವರ್ಷಕ್ಕೊಮ್ಮೆ ಎಂದು ತನ್ನ ಬೆನ್ನು ತಾನೇ ತಟ್ಟಿಕೊಂಡ. ಆ ಒಮ್ಮೆ ಯಾವಾಗ ಎಂದು ಮಾತ್ರ ಮಹಾಶಯನಿಗೆ ಹೊಳೆಯಲಿಲ್ಲ.

ಥ್ಯಾಂಕ್ಸ್‌ಗಿವಿಂಗ್ ಹಬ್ಬದೂಟದ ಹಿಂದಿನ ದಿನ ಬೆಳ್ಳಿ ತಿಕ್ಕದ ಮನೆ ಉಂಟೆ? ಟರ್ಕಿ ಕೋಳಿಯನ್ನು ಎತ್ತಿಕೊಂಡು ಒಳಗೆ ಬಂದ ಎಮರಿಗೆ ಮೇಜಿನ ಮೇಲೆ, ಚಮಚಗಳ ನಡುವೆ, ದೇವಿ ಫಳಫಳ ಹೊಳೆಯುತ್ತಿರುವುದು ಕಾಣಿಸಿತು. ಕೋಳಿ ದೊಪ್ಪನೆ ನೆಲಕ್ಕೆ ಬಿತ್ತು.

"ಏನು ಮಾಡಿದೆ ವರ್ನಾ?"

"ತಿಕ್ಕಿದೆ. ಅಮ್ಮನ ಹಳೇ ಪದಕ ಅಂದ್ಕೊಂಡೆ. ಎಷ್ಟು ಕೊಳೆ ಇತ್ತು ಗೊತ್ತಾ?"

"ನನ್ನ ಡಾಲರ್ ಕಣೇ ಅದು. ಗುರುತು ಸಿಗಲಿಲ್ವಾ?"

"ಹತ್ತಿರ ಬಿಟ್ಟಿದ್ರೆ ತಾನೇ ಗುರುತು ಸಿಗೋದು?"

ಬರುವವರನ್ನು ಬೇಡವೆನ್ನಲು ಎಮರಿಗೆ ಬಾಯಿ ಬರಲಿಲ್ಲ. ಸಂಘದವರು ಬಂದರು, ನೋಡಿದರು, ಸಾವಿನ ಮನೆಯಲ್ಲಿ ನಿಂತಂತೆ ನಿಂತರು. ಹಿರಿಯರಾದ ಹಾಲಿಸ್ ಪ್ರೂಯಿಟ್ ಟೋಪಿ ತೆಗೆದು ಎದೆಗೆ ಒತ್ತಿಕೊಂಡರು. ಎಮರಿಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು.

ಅಷ್ಟರಲ್ಲಿ ವರ್ನಾ ಎಲ್ಲರಿಗೂ ಕುಂಬಳಕಾಯಿ ಸೂಪು ಬಡಿಸಿದಳು. ಒಂದು ಗುಟುಕು ಕುಡಿದ ಹಾಲಿಸ್ ಚಮಚವನ್ನು ಮಗುಚಿ, ಹಿಂಬದಿಯಲ್ಲಿದ್ದ ಅಕ್ಕಸಾಲಿಗನ ಹಳೇ ಮುದ್ರೆ ನೋಡಿದರು. ಭೂತಗನ್ನಡಿ ಹೊರಬಂತು. ಇವು ಎಲ್ಲಿಯವೆಂದು ಕೇಳಿದರು.

"ನಮ್ಮ ಮುತ್ತಜ್ಜಿಯ ಅಜ್ಜಿ ಮದುವೆಗೆ ಮಾಡಿಸಿದ್ದು," ಎಂದಳು ವರ್ನಾ. "ಆಗ ಬೆಳ್ಳಿ ಬೇರೆ ಎಲ್ಲಿ ಸಿಗ್ತಿತ್ತು? ಮನೇಲಿದ್ದ ಡಾಲರೆಲ್ಲಾ ಕರಗಿಸಿದ್ರಂತೆ. ಅದೇ, ಕೂದಲು ಬಿಟ್ಕೊಂಡಿರೋ ಹೆಂಗಸಿಂದು." ಗಂಡನ ಕಡೆ ತಿರುಗಿದಳು. "ನಾನು ಬರೀ ತಿಕ್ಕಿದೆ, ಎಮರಿ."

ಎಮರಿ ಚಮಚವನ್ನೇ ನೋಡುತ್ತ ಕೂತ. ಜೀವಮಾನವಿಡೀ ಊರೂರು ಅಲೆದು ಹುಡುಕಿದ ದೇವಿಯರು ವರ್ಷಾವರ್ಷ ತನ್ನ ಬಾಯೊಳಗೇ ಹೋಗಿಬಂದಿದ್ದರು! ಡಾಲರನ್ನು ಯಾರೂ ಮತ್ತೆ ಮೂಸಲಿಲ್ಲ. ಚಮಚ ಮಾತ್ರ ಪ್ರಸಾದದಂತೆ ಕೈಯಿಂದ ಕೈಗೆ ಹೋಯಿತು.

ಅತಿಥಿಗಳು ಹೋದ ಮೇಲೆ ಎಮರಿ ತೆಪ್ಪಗೆ ಬಟ್ಟೆ ಹಿಡಿದು, ತೊಳೆದ ಚಮಚಗಳನ್ನು ಒರೆಸಲು ನಿಂತ. ವರ್ನಾ ಅವನನ್ನು ಮಾರುದೂರದಿಂದ ನೋಡಿದಳು.

"ಅಂಚು ಹಿಡ್ಕೋ," ಎಂದಳು. "ಉಸಿರು ಬಿಡಬೇಡ."