ಬ್ರೇಕ್ ಮೇಷ್ಟ್ರ ಕೈಗವಸು

ಎರಡೆರಡು ಬ್ರೇಕಿರುವ ಕಾರಿನಲ್ಲಿ ಜೀವಮಾನವಿಡೀ ಓಡಾಡಿದ ಮೇಷ್ಟ್ರ ನಾಲಿಗೆಗೆ ಒಂದೂ ಬ್ರೇಕಿಲ್ಲದೆ ಹೋದದ್ದೇ ಈ ಎಲ್ಲ ಅನಾಹುತಕ್ಕೂ ಮೂಲ.

ಮೇಷ್ಟ್ರು ಅಂದರೆ ಪಾಠಶಾಲೆಯವರಲ್ಲ, ಡ್ರೈವಿಂಗ್ ಸ್ಕೂಲಿನವರು. ಕಲಿಯಲು ಬಂದವರು ಸ್ಟೀರಿಂಗ್ ಹಿಡಿದು ಒದ್ದಾಡುತ್ತಿದ್ದರೆ ಇವರು ಪಕ್ಕದ ಸೀಟಿನಲ್ಲಿ, ತಮ್ಮ ಪಾಲಿನ ಹೆಚ್ಚುವರಿ ಬ್ರೇಕಿನ ಮೇಲೆ ಪಾದ ಊರಿ ಕೂತಿರುತ್ತಿದ್ದರು. ಎದುರಿಗೆ ನಾಯಿ ಬಂದರೆ ಬ್ರೇಕು. ನಾಯಿ ಬರಬಹುದೆಂಬ ಅನುಮಾನ ಬಂದರೂ ಬ್ರೇಕು. ಹೀಗಾಗಿ ಊರಿಗೆಲ್ಲ ಅವರು ಬ್ರೇಕ್ ಮೇಷ್ಟ್ರು.

ಆ ವರ್ಷದ ಮೊದಲಲ್ಲಿ ಅವರ ಹೆಂಡತಿ ಸಣ್ಣ ಜ್ವರವೆಂದು ಮಲಗಿದವಳು ಮತ್ತೆ ಏಳಲಿಲ್ಲ. ಬದುಕಿದ್ದಾಗ ಸಂಜೆಯಾದರೆ ಸಾಕು, ಉಣ್ಣೆಯ ಉಂಡೆಯನ್ನು ಮಡಿಲಲ್ಲಿಟ್ಟುಕೊಂಡು, ಎರಡು ಕಡ್ಡಿ ಹಿಡಿದು ಕಿಟಕಿಯ ಪಕ್ಕ ಕೂತುಬಿಡುತ್ತಿದ್ದಳು. ವರ್ಷದ ಕೊನೆಯ ರಜೆಗೆ ಬಳಗವೆಲ್ಲ ಅವಳ ಅಕ್ಕನ ಮನೆಯಲ್ಲಿ ಸೇರಿದಾಗ ಪ್ರತಿಯೊಬ್ಬರ ಕೈಗೂ ಅವಳದೊಂದು ಪುಟ್ಟ ಪೊಟ್ಟಣ. ಒಬ್ಬರಿಗೆ ಟೋಪಿ, ಒಬ್ಬರಿಗೆ ಕಾಲುಚೀಲ, ಇನ್ನೊಬ್ಬರಿಗೆ ಫೋನಿಗೊಂದು ಚೀಲ.

ಮಗಳು ಫೋನಿನಲ್ಲಿ ಅತ್ತದ್ದು ಅದಕ್ಕೇ. "ಅಪ್ಪಾ, ಈ ಸಲ ರಜೆಗೆ ದೊಡ್ಡಮ್ಮನ ಮನೆಗೆ ಹೋಗೋಕೇ ಮನಸ್ಸಿಲ್ಲ. ಅಮ್ಮನ ಪೊಟ್ಟಣ ಇರಲ್ವಲ್ಲ."

ಮೇಷ್ಟ್ರಿಗೆ ಮಗಳ ಅಳು ಕೇಳಲಾಗಲಿಲ್ಲ. "ಯಾಕಿರಲ್ಲ? ನಿಮ್ಮಮ್ಮ ಎಲ್ಲಾರಿಗೂ ಹೆಣೆದಿಟ್ಟೇ ಹೋಗಿದಾಳೆ ಕಣಮ್ಮಾ," ಅಂದುಬಿಟ್ಟರು.

ಅಂದು ಫೋನಿಟ್ಟ ಮೇಲೆ ಬೀರು ತೆಗೆದು ನೋಡಿದರು. ಉಣ್ಣೆಯ ಉಂಡೆಗಳಿದ್ದವು, ಕಡ್ಡಿಗಳಿದ್ದವು. ಹೆಣೆದದ್ದು ಒಂದು ಎಳೆಯೂ ಇರಲಿಲ್ಲ.

ಕೊನೆಗೆ ಫೋನಿನಲ್ಲಿ ವಿಡಿಯೋ ಹಾಕಿಕೊಂಡು, ಬಾಗಿಲ ಚಿಲಕ ಭದ್ರ ಮಾಡಿ, ಅವಳ ಕುರ್ಚಿಯಲ್ಲೇ ಕೂತು ತಾವೇ ಕಲಿತರು. ಗೇರು ಹಾಕಿ ಹಾಕಿ ದಡ್ಡುಗಟ್ಟಿದ ಕೈ. ಅಳಿಯನಿಗೆಂದು ಶುರು ಮಾಡಿದ ಮಫ್ಲರ್ ಒಂದು ತುದಿಯಲ್ಲಿ ಬೆಲ್ಟಿನಷ್ಟು, ಇನ್ನೊಂದು ತುದಿಯಲ್ಲಿ ಟವೆಲಿನಷ್ಟು ಅಗಲವಾಯಿತು. ಒಂದು ಕುಣಿಕೆ ಜಾರಿದರೆ ಇಡೀ ಸಾಲು ಹಳೇ ಗೋಡೆಯ ಗಾರೆಯ ಹಾಗೆ ಉದುರುತ್ತಿತ್ತು. ಬಿಚ್ಚುವುದು, ಮತ್ತೆ ಹೆಣೆಯುವುದು. ಕುಣಿಕೆ ತಪ್ಪಬಾರದೆಂದು ತುಟಿಯಲ್ಲೇ ಎಣಿಸಲು ಕಲಿತ ದಿನ ಅವರಿಗೊಂದು ವಿಷಯ ಹೊಳೆಯಿತು. ಸಂಜೆ ಹೊತ್ತು ತಾವು ಏನಾದರೂ ಮಾತಾಡಿಸಿದರೆ ಹೆಂಡತಿ ಉತ್ತರ ಕೊಡದೆ ಸುಮ್ಮನಿರುತ್ತಿದ್ದಳು. ಏನೋ ಮುನಿಸಿರಬೇಕು ಎಂದುಕೊಂಡು ತಾವೂ ಬಿಗಿದುಕೊಂಡು ಎದ್ದು ಹೋಗುತ್ತಿದ್ದರು. ಮುನಿಸಲ್ಲ, ಪಾಪ, ಎಣಿಸುತ್ತಿದ್ದಳು.

ಅಂತೂ ಎಲ್ಲರ ಪೊಟ್ಟಣವೂ ಮುಗಿದು, ರಜೆಯ ಊಟದ ದಿನ ಬೆಳಗಾದಾಗ ಉಳಿದಿದ್ದುದು ಅತ್ತಿಗೆಯ, ಅಂದರೆ ಹೆಂಡತಿಯ ಅಕ್ಕನ, ಕೈಗವಸು ಮಾತ್ರ. ಎಡಗೈಯದು ಮುಗಿದಿತ್ತು. ಬಲಗೈಯದಕ್ಕೆ ಹೆಬ್ಬೆರಳು ಇರಲಿಲ್ಲ.

ಚೀಲ ಹಿಡಿದು ಮೆಟ್ಟಿಲಿಳಿಯುತ್ತಿದ್ದಂತೆ ಕೆಳಮನೆಯಾಕೆ ಅಡ್ಡ ನಿಂತಳು. ಆ ಬೀದಿಯ ಸಮಾಚಾರವೆಲ್ಲ ಅವಳ ಬಾಗಿಲನ್ನು ಹಾದೇ ಮುಂದೆ ಹೋಗಬೇಕು.

"ಏನ್ ಮೇಷ್ಟ್ರೇ, ದಿನಾ ಉಣ್ಣೆ ಅಂಗಡೀಲಿ ಕಾಣಿಸ್ಕೊಳ್ತೀರಂತೆ?"

"ಹೀಗೇ, ದಾರೀಲಿ ಸಿಗುತ್ತಲ್ಲಾ..."

"ಅಂಗಡಿಯಾಕೆಗೂ ಗಂಡ ಇಲ್ಲ. ತಪ್ಪೇನಿಲ್ಲ ಬಿಡಿ. ಆದ್ರೂ ವರ್ಷ ತುಂಬೋತನಕ ಕಾಯ್ಬಹುದಾಗಿತ್ತಲ್ವಾ?" ಎಂದು ಆಕೆ ಕಣ್ಣಂಚು ಒರೆಸಿಕೊಂಡಳು.

ಮೇಷ್ಟ್ರು ಇಕ್ಕಟ್ಟಿಗೆ ಸಿಕ್ಕಿದರು. ನಿಜ ಹೇಳಿದರೆ ಮಧ್ಯಾಹ್ನದೊಳಗೆ ಮಗಳ ಕಿವಿಗೆ ಬೀಳುತ್ತದೆ. ಹೇಳದಿದ್ದರೆ ತಮ್ಮ ಮದುವೆ ನಿಶ್ಚಯವಾಗುತ್ತದೆ. "ಬರ್ತೀನಮ್ಮಾ, ಕ್ಲಾಸಿಗೆ ಹೊತ್ತಾಯ್ತು," ಎಂದು ನುಣುಚಿಕೊಂಡರು.

ಆವತ್ತಿನ ಶಿಷ್ಯರು ಹಲ್ಲಿನ ಡಾಕ್ಟರು. ಇನ್ನೊಬ್ಬರ ಬಾಯಿಗೆ ಕೊರೆಯುವ ಯಂತ್ರ ಇಡುವಾಗ ನಡುಗದ ಅವರ ಕೈ ಸ್ಟೀರಿಂಗ್ ಮುಟ್ಟಿದರೆ ಸಾಕು, ಗಡಗಡ ಅನ್ನುತ್ತಿತ್ತು. ಮೇಷ್ಟ್ರಿಗೆ ಬೇರೆ ಹೊತ್ತಿರಲಿಲ್ಲ. ಕಾಲನ್ನು ಬ್ರೇಕಿಗೆ ಕೊಟ್ಟು, ಕೈಗೆ ಕಡ್ಡಿ ತೆಗೆದುಕೊಂಡರು.

"ಮೇಷ್ಟ್ರೇ, ದಯವಿಟ್ಟು ರೋಡು ನೋಡಿ," ಡಾಕ್ಟರು ಗೋಗರೆದರು.

"ನೀವು ನೋಡ್ತಿದೀರಲ್ಲ ಸಾರ್. ಕ್ಲಚ್ಚು ನಿಧಾನಕ್ಕೆ ಬಿಡಿ. ಹದಿನಾಲ್ಕು, ಹದಿನೈದು..."

"ಹದಿನೈದರಲ್ಲಿ ಹೋಗ್ಬೇಕಾ? ಈಗ ಇಪ್ಪತ್ತಿದೆ!"

"ನಿಮಗಲ್ಲ ಸಾರ್, ಇದು ಕುಣಿಕೆ ಲೆಕ್ಕ."

ಗಾಬರಿಬಿದ್ದ ಡಾಕ್ಟರು ಧಡಕ್ಕನೆ ಬ್ರೇಕು ಒತ್ತಿದರು. ಉಣ್ಣೆಯ ಉಂಡೆ ಮಡಿಲಿಂದ ಜಿಗಿದು, ಬೆಕ್ಕಿನ ಮರಿಯಂತೆ ಉರುಳಿ ಡಾಕ್ಟರ ಕಾಲ ಬುಡ ಸೇರಿತು. ಅವರು ಕಾಲು ಝಾಡಿಸಿದಷ್ಟೂ ದಾರ ಕ್ಲಚ್ಚಿಗೂ ಬ್ರೇಕಿಗೂ ಅವರ ಶೂಗೂ ಸುತ್ತಿಕೊಂಡಿತು. ನಾಲ್ಕು ರಸ್ತೆ ಕೂಡುವ ಜಾಗದ ನಟ್ಟನಡುವೆ ಕಾರು ಕೆಮ್ಮಿ ನಿಂತುಹೋಯಿತು. ಹಿಂದಿನಿಂದ ಹಾರ್ನುಗಳ ಮೇಳ.

ಟ್ರಾಫಿಕ್ ಪೊಲೀಸಪ್ಪ ಬಂದು ಬಾಗಿಲು ತೆಗೆದು, ಪೆಡಲಿನ ಹತ್ತಿರ ಕೈಹಾಕಿ ಎಳೆದ. ಎಳೆದಷ್ಟೂ ಉಣ್ಣೆ ಬಂತು. ಕೊನೆಗೆ ದಾರದ ತುದಿಗೆ ಜೋತಾಡುತ್ತಾ ಕೈಗವಸೂ ಬಂತು. ಅದನ್ನು ಎತ್ತಿ ಹಿಡಿದು ಹಿಂದೆ ಮುಂದೆ ನೋಡಿದ.

"ಇದೇನ್ರೀ?"

"ಕೈಗವಸು ಸಾರ್."

"ಹೆಬ್ಬೆರಳೆಲ್ಲಿ?"

"ಅದನ್ನೇ ಮಾಡ್ತಿದ್ದೆ ಸಾರ್."

ಪೊಲೀಸಪ್ಪನಿಗೆ ಇದಕ್ಕೆ ಯಾವ ಕಾನೂನಿನಲ್ಲಿ ದಂಡ ಹಾಕಬೇಕೆಂದು ತಿಳಿಯಲಿಲ್ಲ. "ತಳ್ಕೊಂಡು ಹೋಗ್ರಿ ಆ ಕಡೆಗೆ," ಎಂದು ಕೈಗವಸನ್ನು ಮೇಷ್ಟ್ರ ತಲೆಯ ಮೇಲಿಟ್ಟ.

ಕಾರು ತಳ್ಳುತ್ತಾ ಮೇಷ್ಟ್ರು ಡಾಕ್ಟರಿಗೆ ವಿಷಯವನ್ನೆಲ್ಲ ಹೇಳಿಕೊಂಡರು. ಯಾರಿಗೂ ಹೇಳದ್ದು ಏದುಸಿರಿನ ನಡುವೆ ಹೊರಬಂತು. ಡಾಕ್ಟರು ತಳ್ಳುತ್ತಲೇ ಎಲ್ಲ ಕೇಳಿಸಿಕೊಂಡರು. ಆಮೇಲೆ, "ನನ್ನ ಕ್ಲಿನಿಕ್ಕು ಇಲ್ಲೇ ಪಕ್ಕದಲ್ಲಿ. ಹೊಲಿಗೆ ಹಾಕೋದು ನಂಗೆ ಬರುತ್ತೆ, ಬನ್ನಿ," ಅಂದರು.

ರೋಗಿಗಳನ್ನು ಮಲಗಿಸುವ ಕುರ್ಚಿಯ ಮೇಲೆ ಕೈಗವಸನ್ನು ಮಲಗಿಸಿ, ದೊಡ್ಡ ದೀಪ ಹಾಕಿ, ಅಳಿದುಳಿದ ಉಣ್ಣೆಯ ಚೂರನ್ನು ಹೆಬ್ಬೆರಳಿನಂತೆ ಸುತ್ತಿ, ವಸಡಿಗೆ ಹಾಕುವ ಕಪ್ಪು ದಾರದಿಂದ ಡಾಕ್ಟರು ಅಚ್ಚುಕಟ್ಟಾಗಿ ಹೊಲಿದರು. ಅಭ್ಯಾಸಬಲ, ಕೊನೆಯಲ್ಲಿ, "ಇವತ್ತೊಂದಿನ ಬಿಸಿ ಏನೂ ಬೇಡ," ಅಂದರು.

ಅತ್ತಿಗೆಯ ಮನೆ ಮುಟ್ಟುವಷ್ಟರಲ್ಲಿ ಎಲ್ಲರೂ ಕಾಯುತ್ತಿದ್ದರು. ಮಗಳು, ಅಳಿಯ, ಅತ್ತಿಗೆ, ಅತ್ತಿಗೆಯ ಗಂಡನಾದ ಷಡ್ಡಕ, ಹೆಂಡತಿಯ ತಮ್ಮ ಮತ್ತು ಅವನು ಇತ್ತೀಚೆಗಷ್ಟೇ ಮದುವೆಯಾಗಿದ್ದ ಹುಡುಗಿ. ಮೇಷ್ಟ್ರು, "ಅವಳು ಹೆಣೆದಿಟ್ಟು ಹೋಗಿದ್ದು," ಎಂದು ಪೊಟ್ಟಣಗಳನ್ನು ಹಂಚಿದರು. ಹೊಸ ಹುಡುಗಿಗೆ ಮಾತ್ರ ಏನೂ ಇರಲಿಲ್ಲ. ಹೆಂಡತಿ ತೀರಿಕೊಂಡ ಎಷ್ಟೋ ತಿಂಗಳ ಮೇಲೆ ಗೊತ್ತಾದ ಸಂಬಂಧ ಅದು. ಕಾಣದವಳಿಗೆ ಸತ್ತವಳು ಹೆಣೆದಿಡುವುದು ಹೇಗೆ? ಅಷ್ಟು ದೂರಕ್ಕೆ ಯೋಚಿಸಿದ್ದೇನೆಂದು ಮೇಷ್ಟ್ರಿಗೆ ಒಳಗೊಳಗೇ ಹೆಮ್ಮೆಯಿತ್ತು. ಅವಳು ಖಾಲಿ ಕೈಯ ಉಗುರು ನೋಡುತ್ತಾ ಕೂತಾಗ ಆ ಹೆಮ್ಮೆ ಜರ್ರನೆ ಇಳಿಯಿತು.

ಮಗಳು ಕಾಲುಚೀಲ ಬಿಚ್ಚಿದಳು. ಒಂದು ಉದ್ದ, ಒಂದು ಗಿಡ್ಡ. ಅವಳ ಕಣ್ಣು ತುಂಬಿಬಂತು. "ಅಮ್ಮಂಗೆ ಆಗ್ಲೇ ಮೈ ಸರಿಯಿರ್ಲಿಲ್ಲ ಅನ್ಸುತ್ತೆ. ಕೈ ತಪ್ಪಿದೆ ನೋಡಿ."

ಷಡ್ಡಕರು ತಮ್ಮ ಕನ್ನಡಕದ ಚೀಲಕ್ಕೆ ಕನ್ನಡಕ ತುರುಕಲು ನೋಡಿದರು. ಅರ್ಧ ಹೊರಗೇ ಉಳಿಯಿತು. "ಪಾಪ, ಕಣ್ಣೂ ಮಂಜಾಗಿತ್ತೇನೋ," ಎಂದು ಮೂಗೊರೆಸಿಕೊಂಡರು. ಅಳಿಯನ ಮಫ್ಲರ್ ನೋಡಿದವರು ಬಿಕ್ಕಿದರು. ಹೆಣಿಗೆ ಎಷ್ಟು ಕೆಟ್ಟದೋ ಅಷ್ಟು ಕಣ್ಣೀರು. ಮೇಷ್ಟ್ರಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅತ್ತಿಗೆ ಒಬ್ಬರೇ ಅಳಲಿಲ್ಲ. ಕಪ್ಪು ಹೊಲಿಗೆಯ ಹೆಬ್ಬೆರಳನ್ನು ಸವರುತ್ತಾ ಬಿಳಿಚಿಕೊಂಡು ಕೂತಿದ್ದರು.

ಷಡ್ಡಕರು ಇದ್ದಕ್ಕಿದ್ದಂತೆ, "ಅಲ್ವೇ, ನೀನೂ ಒಂದು ಚೀಲ ಇಟ್ಕೊಂಡಿದೀಯಲ್ಲ? ತಂಗಿ ಕೊಟ್ಟು ಹೋಗಿದ್ದು, ಊಟ ಆದ್ಮೇಲೆ ಕೊಡ್ತೀನಿ ಅಂದಿದ್ದೆ?" ಅಂದರು.

"ಈಗ ಬೇಡಾರೀ," ಅಂದರು ಅತ್ತಿಗೆ. ಷಡ್ಡಕರು ಆಗಲೇ ಒಳಗೆ ಹೋಗಿ ತಂದಾಗಿತ್ತು.

ಚೀಲದಿಂದ ಒಂದೊಂದೇ ಹೊರಬಂತು. ಮಗಳಿಗೆ ಕಾಲುಚೀಲ, ಎರಡೂ ಒಂದೇ ಅಳತೆ. ಅಳಿಯನಿಗೆ ಮಫ್ಲರ್, ಗೆರೆ ಎಳೆದ ಹಾಗೆ. ಕನ್ನಡಕದ ಚೀಲದಲ್ಲಿ ಕನ್ನಡಕ ಸಲೀಸಾಗಿ ಕೂತಿತು. ಕೊನೆಗೆ ಒಂದು ನೀಲಿ ಟೋಪಿ. ಷಡ್ಡಕರು ಅದನ್ನು ಹೊಸ ಹುಡುಗಿಯ ಕೈಗೆ ಕೊಟ್ಟು, "ಇದು ನಿಂಗೆ ಅಂತೆ ಕಣಮ್ಮಾ," ಅಂದರು. ಹುಡುಗಿಯ ಮುಖ ಅರಳಿತು. ಕೂಡಲೇ ತಲೆಗೆ ಹಾಕಿಕೊಂಡಳು.

ಮೇಷ್ಟ್ರು ತಲೆಯೆತ್ತಿ ಅತ್ತಿಗೆಯನ್ನು ನೋಡಿದರು. ಅತ್ತಿಗೆಯೂ ನೋಡಿದರು. ಅಕ್ಕನೂ ತಂಗಿಯ ಹೆಸರಿನಲ್ಲಿ ಅದೇ ಸುಳ್ಳು ಹೆಣೆದಿದ್ದರು. ಹೊಸದಾಗಿ ಮನೆಗೆ ಬಂದವಳನ್ನು ಬಿಡಲಾರದೆ ಸಿಕ್ಕಿಬಿದ್ದಿದ್ದರು.

"ಅಪ್ಪಾ," ಅಂದಳು ಮಗಳು, ಎರಡು ಕೈಯಲ್ಲೂ ಎರಡು ಜೊತೆ ಹಿಡಿದು, "ಅಮ್ಮ ಎರಡೆರಡು ಯಾಕೆ ಹೆಣೀತಾಳೆ? ಇದ್ರಲ್ಲಿ ಯಾವ್ದು ಅಮ್ಮಂದು?"

ಬಾಮೈದ ಹೆಂಡತಿಯ ತಲೆಯ ಮೇಲಿನ ಟೋಪಿಯನ್ನೇ ನೋಡುತ್ತಿದ್ದ. ಹುಬ್ಬು ಗಂಟಿಕ್ಕಿತು. "ಒಂದ್ನಿಮಿಷ. ಅಕ್ಕ ಹೋದಾಗ ಇವಳು ಇನ್ನೂ ನಮ್ಮ..."

ಮೇಷ್ಟ್ರು ಬ್ರೇಕು ಒತ್ತಿದರು. "ಸುಳ್ಳು ಹೇಳಿದ್ದು ನಾನು!" ಎಂದು ಅವರು ಕೂಗಿದ ರಭಸಕ್ಕೆ ಬಾಮೈದನ ಮಾತು ಅಲ್ಲೇ ನಿಂತಿತು. "ಅತ್ತಿಗೆ ತಂದಿದ್ದೇ ಅವಳು ಹೆಣೆದಿದ್ದು. ನಂದು ಅಲ್ಲ."

"ಮತ್ತೆ ಇವು?" ಅಂದಳು ಮಗಳು.

ನಾನೇ ಹೆಣೆದೆ ಎಂಬ ಮಾತು ಮೇಷ್ಟ್ರ ತುಟಿಯವರೆಗೆ ಬಂತು. ಅದನ್ನು ಅಂದರೆ ಮುಂದಿನ ಪ್ರಶ್ನೆ ಅತ್ತಿಗೆಗೇ ಹೋಗುತ್ತದೆ, ನೀವೂ ಹಾಗೇ ಮಾಡಿದಿರಾ ಅಂತ. ಆಮೇಲೆ ಮಗಳಿಗೆ ಅಮ್ಮನದು ಎಂದು ಹಿಡಿದುಕೊಳ್ಳಲು ಒಂದು ಎಳೆಯೂ ಉಳಿಯುವುದಿಲ್ಲ.

"ಅಂಗಡೀದು," ಅಂದರು.

ಟೋಪಿಯ ಲೆಕ್ಕ ಎಲ್ಲರಿಗೂ ಮರೆತುಹೋಯಿತು. ಮಗಳು ಅವರು ಕೊಟ್ಟ ಜೊತೆಯನ್ನು ಮೇಜಿನ ಮೇಲೆ ಒಗೆದಳು. "ಅಂಗಡೀಲಿ ತಂದು ಅಮ್ಮಂದು ಅಂದ್ಯಾ? ನಾನು ಇದನ್ನ ಕಣ್ಣಿಗೊತ್ಕೊಂಡು ಅತ್ನಲ್ಲಪ್ಪಾ!"

"ನಂಗಾಗ್ಲೇ ಅನುಮಾನ ಬಂದಿತ್ತು," ಅಂದರು ಷಡ್ಡಕರು ಕಣ್ಣೀರು ಒರೆಸುತ್ತಲೇ. "ಫುಟ್‌ಪಾತ್ ಮಾಲು. ಹೆಣೆದೋನು ಕುಡಿದಿದ್ದ ಅಂತ ಕಾಣುತ್ತೆ."

ಎಲ್ಲರೂ ತಮ್ಮ ತಮ್ಮ ಪೊಟ್ಟಣವನ್ನು ಮೇಷ್ಟ್ರ ಚೀಲಕ್ಕೆ ವಾಪಸು ಹಾಕಿದರು. ಕೊನೆಗೆ ಬಂದವರು ಅತ್ತಿಗೆ. ಕೈಗವಸನ್ನು ಮಡಚಿ ಎಲ್ಲದರ ಮೇಲಿಟ್ಟರು. "ಏನ್ ಮೇಷ್ಟ್ರೇ ನೀವು, ಹೋದೋಳ ಹೆಸರಲ್ಲಿ ಸುಳ್ಳು ಹೇಳ್ಬಹುದಾ?" ಎಂದು ಗದರಿಸಿ, ಗದರಿಸುತ್ತಲೇ ಅತ್ತುಬಿಟ್ಟರು.

"ತಪ್ಪಾಯ್ತು ಅತ್ತಿಗೆ," ಅಂದರು ಮೇಷ್ಟ್ರು.

ಅತ್ತಿಗೆ ಒಳಗೆ ಹೋಗಿ ಇನ್ನೊಂದು ಪೊಟ್ಟಣ ತಂದು ಅವರ ಮುಂದೆ ಹಿಡಿದರು. "ನಿಮಗೂ ಇಟ್ಟು ಹೋಗಿದಾಳೆ."

ಬೂದು ಬಣ್ಣದ ಮಫ್ಲರ್. ಮೆತ್ತಗಿತ್ತು, ಒಂದು ಕುಣಿಕೆ ತಪ್ಪಿರಲಿಲ್ಲ. ಎಲ್ಲರೂ ನೋಡುತ್ತಿದ್ದರು. ಮೇಷ್ಟ್ರು ಅದನ್ನು ಕೊರಳಿಗೆ ಸುತ್ತಿಕೊಂಡರು. ಮಗಳ ಸಿಟ್ಟು ಇನ್ನೂ ಇಳಿದಿರಲಿಲ್ಲ. ಆದರೂ ಹತ್ತಿರ ಬಂದು ಅದರ ತುದಿ ಮುಟ್ಟಿದಳು.

"ಈಗ ನೋಡಪ್ಪಾ, ಅಮ್ಮನ ಕೈ ಅಂದ್ರೆ ಇದು. ಮುಟ್ಟಿದ್ರೇ ಗೊತ್ತಾಗಲ್ವಾ?"

"ಗೊತ್ತಾಗುತ್ತಮ್ಮಾ," ಅಂದರು ಮೇಷ್ಟ್ರು.

ಹೊರಟಾಗ ಅಳಿಯ ಕಾರಿನ ತನಕ ಬಂದು, ಸಮಾಧಾನ ಮಾಡಲೆಂದು ದನಿ ತಗ್ಗಿಸಿದ. "ಅವಳ ಮಾತು ಮನಸ್ಸಿಗೆ ಹಚ್ಕೋಬೇಡಿ ಮಾವ. ಆದ್ರೆ ಇಂಥ ಮಾಲು ಕೊಟ್ಟೋನ್ನ ಸುಮ್ನೆ ಬಿಡ್ಬಾರ್ದು. ಬಿಲ್ ಇದ್ರೆ ಕೊಡಿ, ನಾನೇ ಹೋಗಿ ಜಗಳ ಮಾಡಿ ವಾಪಸ್ ಕೊಟ್ ಬರ್ತೀನಿ."

ಮೇಷ್ಟ್ರು ಚೀಲವನ್ನು ಪಕ್ಕದ ಸೀಟಿನ ಮೇಲಿಟ್ಟು ಬಾಗಿಲು ಹಾಕಿದರು.

"ಬಿಲ್ ಕೊಟ್ಟಿಲ್ಲಪ್ಪಾ," ಅಂದರು. "ಕೇಳೋಣ ಅಂದ್ರೆ, ಅಂಗಡೀನೂ ಮುಚ್ಚಿದೆ."