ಕೆಡದ ಟಿ.ವಿ. ಮಾರಿದವರು

ಬೇರೆಯವರಿಗೆ ಆಘಾತಗಳು ಯಾವಾಗಲೋ ಒಮ್ಮೆ ಬರುತ್ತವೆ. ನನಗೆ ಮಾತ್ರ ಬಸ್ಸಿನ ವೇಳಾಪಟ್ಟಿ ಹಿಡಿದು ಬರುತ್ತಿದ್ದವು: ಸೋಮವಾರ ರೋಣ, ಬುಧವಾರ ನರಗುಂದ, ಶುಕ್ರವಾರ ಗಜೇಂದ್ರಗಡ.

ಈ ಮೂರೂ ಊರಿಗೆ ಮೊದಲು ಬಣ್ಣದ ಟಿ.ವಿ. ತಂದದ್ದು ನಮ್ಮ ಕಂಪನಿ. ಯಾರ ಮನೆಯಲ್ಲಿ ಯಾವ ಕಂಪನಿಯ ಟಿ.ವಿ. ಇದ್ದರೂ ಜನ ಅದನ್ನು ನಮ್ಮ ಕಂಪನಿಯ ಹೆಸರಿನಿಂದಲೇ ಕರೆಯುತ್ತಿದ್ದರು. ಗದಗಿನ ಕಚೇರಿಯಲ್ಲಿ ಮಾರಾಟ ನೋಡಿಕೊಳ್ಳುವ ನಾನು ಮತ್ತು ಒಬ್ಬ ಮೆಕ್ಯಾನಿಕ್. ಎರಡು ಸಾವಿರದ ಮೂರೋ ನಾಲ್ಕೋ ಇಸವಿ. ಒಂದು ದಿನ ಮುಖ್ಯ ಕಚೇರಿಯಿಂದ ಎರಡೇ ಸಾಲಿನ ಪತ್ರ ಬಂತು: ದೀಪಾವಳಿಯೊಳಗೆ ಮಾರಾಟ ಏರದಿದ್ದರೆ ಗದಗಿನ ಕಚೇರಿ ಮುಚ್ಚಲಾಗುವುದು.

ಎಲ್ಲರಿಗಿಂತ ಮೊದಲು ಬಂದವರು ನಾವು. ಮೊದಲು ಹೋಗುವವರೂ ನಾವೇ? ಪತ್ರವನ್ನು ಮೂರು ಸಲ ಓದಿದೆ. ಕಾಗುಣಿತ ಎಲ್ಲ ಸರಿಯಾಗಿತ್ತು.

ದೂರು ಪುಸ್ತಕ

ರೋಣದ ನಮ್ಮ ಡೀಲರ್ ವಯಸ್ಸಾದವರು, ಸಾವಕಾಶದ ಮನುಷ್ಯ. ನಾನು ಹೋದ ತಕ್ಷಣ ದೂರು ಪುಸ್ತಕ ಕೇಳುವವನು. ತೆಗೆದರೆ ಎರಡು ವರ್ಷದ ಪುಟಗಳು ಖಾಲಿ.

"ದೂರು ಬರೆದಿಡದಿರುವುದು ದೊಡ್ಡ ತಪ್ಪು," ಎಂದೆ.

"ಬರೀಲಿಕ್ಕೆ ಯಾರರ ಬರಬೇಕಲ್ರಿ ಸಾಹೇಬ್ರ."

"ಒಬ್ಬರೂ ಬಂದಿಲ್ಲವೇ?"

"ಒಬ್ಬಾಂವ ಬಂದಿದ್ದರಿ, ಯಾವಗಲ್ಲದಾಂವ. ನಿಮ್ಮ ಟಿ.ವಿ. ಯಾವಾಗ ಕೆಡತೈತಿ ಅಂತ ಕೇಳಾಕ ಬಂದಿದ್ದ."

ನನಗೆ ಅರ್ಥವಾಗಲಿಲ್ಲ. ಅವರೇ ಬಿಡಿಸಿ ಹೇಳಿದರು. ಯಾವಗಲ್ಲ ಎಂಬ ಹಳ್ಳಿಯ ಆ ರೈತನ ಮಕ್ಕಳಿಗೆ ಬಾಜೂ ಮನೆಯವರು ತಂದಂಥ ಚಪ್ಪಟೆ ಪರದೆಯ ಟಿ.ವಿ. ಬೇಕಾಗಿತ್ತಂತೆ. ಹಳೆಯದು ಕೆಡುವತನಕ ಹೊಸದು ತರುವುದಿಲ್ಲ ಎಂದು ಈತ ಆಣೆ ಮಾಡಿದ್ದನಂತೆ. ಮೂರು ವರ್ಷದಿಂದ ಮನೆಮಂದಿಯೆಲ್ಲ ಕಾಯುತ್ತಿದ್ದರು. ಹಳೆಯ ಟಿ.ವಿ.ಯ ಮೇಲೆ ಬೆಕ್ಕು ಎರಡು ಸಲ ಮರಿ ಹಾಕಿತ್ತು. ಆದರೂ ಟಿ.ವಿ. ನಡೆಯುತ್ತಲೇ ಇತ್ತು.

"ಇದೂ ದೂರೇ. ಬರೆಯಿರಿ," ಎಂದೆ.

ಡೀಲರ್ ಕನ್ನಡಕ ಹಾಕಿಕೊಂಡು ನಿಧಾನವಾಗಿ ಬರೆದರು: 'ಕೆಡವಲ್ಲದು.'

ಪಕ್ಕದ ಕಾಲಮಿನಲ್ಲಿ ಕಂಪನಿಯ ಪರಿಹಾರವನ್ನು ಮೂರು ದಿನದೊಳಗೆ ನಾನು ಬರೆಯಬೇಕು. ಇಡೀ ನೌಕರಿಯಲ್ಲಿ ನಾನು ಖಾಲಿ ಬಿಟ್ಟ ಕಾಲಂ ಅದೊಂದೇ.

ಪೆಟ್ಟಿಗೆಗೆ ಕುಂಕುಮ

ನಮ್ಮಲ್ಲಿ ಒಂದು ನಿಯಮವಿತ್ತು. ಹೊಸ ಟಿ.ವಿ.ಯ ಪೆಟ್ಟಿಗೆಯ ಸೀಲನ್ನು ಕಂಪನಿಯ ಮೆಕ್ಯಾನಿಕ್ಕೇ ಒಡೆಯಬೇಕು. ಬೇರೆಯವರು ಒಡೆದರೆ ಗ್ಯಾರಂಟಿ ಇಲ್ಲ. ನಿಯಮ ಮಾಡಿದವರು ಮೇಲಿನವರು, ಅಕ್ಷರಶಃ ಪಾಲಿಸುತ್ತಿದ್ದವನು ನಾನೊಬ್ಬನೇ. ಅತ್ತ ನರಗುಂದದಲ್ಲಿ ನಮ್ಮ ಡೀಲರರ ಎದುರಂಗಡಿಯವರು ಬೇರೆ ಕಂಪನಿಯ ಟಿ.ವಿ.ಗಳನ್ನು ಮೋಟರ್ ಸೈಕಲ್ಲಿನ ಹಿಂದೆ ಹಗ್ಗದಿಂದ ಬಿಗಿದು, ಮನೆಗೆ ಮುಟ್ಟಿಸಿ, ಚಹಾ ಕುಡಿದು ಬರುತ್ತಿದ್ದರು.

ಅದೇ ಊರಿನ ಕಾಳಿನ ವ್ಯಾಪಾರಿಯೊಬ್ಬರು ಮಗಳ ನಿಶ್ಚಯಕ್ಕೆಂದು ನಮ್ಮ ಟಿ.ವಿ. ಒಯ್ದರು. ಅದೇ ದಿನ ನಮ್ಮ ಮೆಕ್ಯಾನಿಕ್ ಜ್ವರದಿಂದ ಮಲಗಿದ.

ವ್ಯಾಪಾರಿಯ ಫೋನು: "ಸಾಹೇಬ್ರ, ನಾವ ಒಡೀಲೇನ್ರಿ?"

"ಒಡೆದರೆ ಗ್ಯಾರಂಟಿ ಹೋಗುತ್ತದೆ."

"ಬೀಗರು ಬರತಾರಲ್ರಿ."

"ನಿಯಮ ಬೀಗರಿಗೂ ಒಂದೇ."

ಮೂರನೆಯ ದಿನ ಮೆಕ್ಯಾನಿಕ್‌ನನ್ನು ಕರೆದುಕೊಂಡು ಹೋದೆ. ಪಡಸಾಲೆಯ ನಡುವೆ ನಮ್ಮ ಪೆಟ್ಟಿಗೆ. ಅದಕ್ಕೆ ಕುಂಕುಮ, ಹೂವಿನ ಹಾರ. ಎದುರಿಗೆ ಜಮಖಾನೆ ಹಾಸಿ ಬೀಗರು ಕುಳಿತಿದ್ದರು. ಬೀಗಿತಿ ನನ್ನ ಕಡೆ ತಿರುಗಿ, "ಬಂದ್ರೇನ್ರಿ? ಮೂರು ದಿನದಿಂದ ನೋಡಾಕತ್ತೀವಿ. ಡಬ್ಬಿ ಮ್ಯಾಲಿನ ಚಿತ್ರ ಅಂತೂ ಭಾಳ ಸ್ವಚ್ಛ ಐತ್ರಿ," ಎಂದರು.

ಸೀಲು ಒಡೆಯಲು ಮೆಕ್ಯಾನಿಕ್‌ಗೆ ಸನ್ನೆ ಮಾಡಿದೆ. ಅಷ್ಟರಲ್ಲಿ ಒಳಗಿನ ಕೋಣೆಯಿಂದ ವಾರ್ತೆ ಓದುವ ದನಿ ಕೇಳಿಸಿತು. ಇಣುಕಿದರೆ ಎದುರಂಗಡಿಯ ಹೊಸ ಟಿ.ವಿ.!

"ಇದೇನಿದು?" ಎಂದೆ.

ವ್ಯಾಪಾರಿ ಸಮಾಧಾನದಿಂದ ಹೇಳಿದರು: "ಅದು ನೋಡಾಕ ತಂದದ್ದರಿ. ನಿಮ್ಮದು ಗ್ಯಾರಂಟಿಗೆ."

ಒಂಬತ್ತು ಪುಟ

ಇಷ್ಟೆಲ್ಲವನ್ನೂ ತಿದ್ದಿ ತೀಡಿದ ಇಂಗ್ಲಿಷಿನಲ್ಲಿ ಒಂಬತ್ತು ಪುಟ ಬರೆದು ಮುಖ್ಯ ಕಚೇರಿಗೆ ಕಳಿಸಿದೆ. ಜನ ಚಪ್ಪಟೆ ಪರದೆ ಕೇಳುತ್ತಿದ್ದಾರೆ, ಲಗೂ ಕಳಿಸಿ ಎಂದೆ. ಉತ್ತರ ಬಂತು: 'ಚಪ್ಪಟೆ ಪರದೆ ನಾಲ್ಕು ದಿನದ ಹುಚ್ಚು. ಚಿತ್ರದ ಗುಣದಲ್ಲಿ ನಾವೇ ಮೊದಲಿಗರು. ಇದನ್ನು ಗ್ರಾಹಕರಿಗೆ ತಿಳಿಸಿ ಹೇಳಿ.' ತಿಳಿಸಲು ಗ್ರಾಹಕನೊಬ್ಬನನ್ನೂ ಕಳಿಸಿಕೊಡಿ ಎಂದು ಬರೆಯಬೇಕೆನಿಸಿತು. ಶಿಸ್ತಿನವನು, ಬರೆಯಲಿಲ್ಲ.

ಗಜೇಂದ್ರಗಡದ ಮೇಳ

ಕೊನೆಗೆ ಮೇಲಿನವರೇ ಒಂದು ಉಪಾಯ ಹೂಡಿದರು. ಹಳೆಯ ಟಿ.ವಿ. ತನ್ನಿ, ರಿಯಾಯಿತಿಯಲ್ಲಿ ಹೊಸದು ಒಯ್ಯಿರಿ. ಅದಕ್ಕಾಗಿ ಗಜೇಂದ್ರಗಡದಲ್ಲಿ ಮೇಳ. ಬೆಂಗಳೂರಿನಿಂದ ತರುಣ ಮ್ಯಾನೇಜರರೊಬ್ಬರು ಟೈ ಕಟ್ಟಿಕೊಂಡು ಬಂದರು. ನಾಲ್ಕು ಟ್ರ್ಯಾಕ್ಟರುಗಳಲ್ಲಿ ನಲವತ್ತು ಹಳೆಯ ಟಿ.ವಿ.ಗಳು ಬಂದಿಳಿದವು. ಈ ನಲವತ್ತು ಹೊಸದಾದರೆ ಕಚೇರಿ ಉಳಿಯಿತು ಎಂದು ಎರಡು ಸಲ ಎಣಿಸಿ ನೋಡಿದೆ.

ಮ್ಯಾನೇಜರರು ಒಂದು ಸ್ಪರ್ಧೆಯನ್ನೂ ಇಟ್ಟಿದ್ದರು. ಎಲ್ಲಕ್ಕಿಂತ ಹಳೆಯದಾಗಿಯೂ ನಡೆಯುವ ಟಿ.ವಿ.ಗೆ ಹೊಸದೊಂದು ಪುಕ್ಕಟೆ. ಗೆದ್ದವರು ರಾಜೂರಿನ ಒಬ್ಬ ಚಾಚಾ. ಹತ್ತಿ ತುಂಬಿ ಗಾದಿ ಹೊಲಿಯುವ ಕಸುಬಿನವರು, ಟಿ.ವಿ.ಯನ್ನು ಗಾದಿಯಲ್ಲೇ ಸುತ್ತಿ ತಂದಿದ್ದರು. ವೇದಿಕೆಯ ಮೇಲೆ ಗುಂಡಿ ಒತ್ತಿದರೆ ಚಿತ್ರ ಥಟ್ಟನೆ ಬಂತು. ಚಪ್ಪಾಳೆಯೋ ಚಪ್ಪಾಳೆ. ಎರಡು ಮಾತಾಡಿರೆಂದು ಮ್ಯಾನೇಜರರು ಮೈಕು ಕೊಟ್ಟರು.

"ಹತ್ತೊಂಬತ್ತು ವರ್ಸ ಆತ್ರಿ," ಎಂದರು ಚಾಚಾ. "ಒಮ್ಮಿ ಮಳಿ ನೀರು ಒಳಗ ಹೋತು, ಬಿಸಿಲಿಗಿಟ್ವಿ, ಚಾಲೂ ಆತು. ಒಮ್ಮಿ ಮೊಮ್ಮಗ ಕೆಡವಿದ. ಅವಗ ನಾಕು ಹೊಲಿಗಿ ಬಿದ್ವು, ಇದಕ್ಕೇನೂ ಆಗಲಿಲ್ಲ. ಇರ್ಲಿ, ಈ ಹೊಸಾದು ಎಷ್ಟು ವರ್ಸ ಬರತೈತ್ರಿ?"

ಮ್ಯಾನೇಜರರು ಮೈಕನ್ನು ನನ್ನ ಕೈಗೆ ದಾಟಿಸಿದರು. ಹೊಸ ಮಾಲನ್ನು ಈಗ ನಾವು ತಯಾರಿಸುತ್ತಿರಲಿಲ್ಲ. ಹೊರಗೆ ಕೊಂಡು ನಮ್ಮ ಹೆಸರು ಅಂಟಿಸುತ್ತಿದ್ದೆವು. ಅದರ ಬಾಳಿಕೆ ಎಷ್ಟೆಂದು ಕಾಗದದಲ್ಲಿ ಓದಿದ್ದೆ. ಮ್ಯಾನೇಜರರು ಕಣ್ಣಿನಿಂದ ಬೇಡವೆನ್ನುತ್ತಿದ್ದರು. ಆದರೆ ನಾನು ಸುಳ್ಳು ಹೇಳಿದವನಲ್ಲ.

"ಐದು ವರ್ಷ," ಎಂದೆ, ಮೈಕಿನಲ್ಲೇ.

ಚಾಚಾ ಗಡ್ಡ ನೀವಿಕೊಂಡರು. "ನನಗೀಗ ಎಪ್ಪತ್ತೈದು. ಹಂಗಾರ ಇದು ನನಗಿಂತ ಮೊದಲ ಹೋಗತೈತಿ. ನನಗ ಬ್ಯಾಡ್ರಿ."

ಆಮೇಲೆ ಹಿಂದಿನಿಂದ ಯಾರೋ, "ಲೇ, ನಮ್ಮದು ಬರೇ ಹನ್ನೆರಡು ವರ್ಸದ್ದು, ಇನ್ನ ಹರೇದಾಗೈತಿ. ಎತ್ತ್ರಲೇ," ಎಂದ. ನಲವತ್ತೂ ಟ್ರ್ಯಾಕ್ಟರಿನ ಕಡೆ ಹೊರಟವು. ಹೋಗುತ್ತಿದ್ದವನೊಬ್ಬ ನಿಂತ. "ಇಷ್ಟು ದೂರ ಬಂದೀವಿ, ಒಳಗಿನ ಧೂಳರ ಹೊಡದು ಕೊಡ್ರಿ."

ಟಿ.ವಿ. ಇರುವತನಕ ಧೂಳು ತೆಗೆಯುವುದು ಪುಕ್ಕಟೆ. ಅದೂ ನಮ್ಮದೇ ನಿಯಮ. ಎಲ್ಲ ಇಳಿಸಿರಿ ಎಂದೆ. ಸಾಲು ಹಚ್ಚಿದರು. ಮೆಕ್ಯಾನಿಕ್ ಒಬ್ಬನಿಗೆ ಆಗುವ ಕೆಲಸವಲ್ಲ, ನಾನೂ ಸ್ಕ್ರೂಡ್ರೈವರ್ ಹಿಡಿದೆ. ಮ್ಯಾನೇಜರರು ಟೈಯನ್ನು ಹೆಗಲ ಮೇಲೆ ಒಗೆದುಕೊಂಡು ಬ್ರಷ್ ಕೈಗೆತ್ತಿಕೊಂಡರು. ಸಂಜೆಯೊಳಗೆ ನಲವತ್ತು ಟಿ.ವಿ.ಗಳನ್ನೂ ಇನ್ನೊಂದು ಹತ್ತು ವರ್ಷಕ್ಕೆ ಸಜ್ಜುಮಾಡಿ ಕಳಿಸಿದೆವು.

ಚಾಚಾ ತಮ್ಮದನ್ನು ಗಾದಿಯಲ್ಲಿ ಸುತ್ತುತ್ತ ಮ್ಯಾನೇಜರರನ್ನು ತೋರಿಸಿ ನನ್ನ ಕಿವಿಯಲ್ಲಿ ಹೇಳಿದರು: "ಈ ಹುಡುಗ ಹೊಸದಾಗಿ ಬಂದಾನೇನ್ರಿ? ಕೈ ಚಲೋ ಐತಿ. ಕಾಯಂ ಮಾಡಿಕೋರಿ."

ದೀಪಾವಳಿಗೆ ಕಚೇರಿ ಹೋಯಿತು, ನಾನು ಹೋದೆ, ಮ್ಯಾನೇಜರರೂ ಹೋದರು. ಆ ಮೇಳದ ವೇದಿಕೆ ಹತ್ತಿದವರ ಪೈಕಿ ಕೆಲಸದಲ್ಲಿ ಕಾಯಂ ಉಳಿದದ್ದು ಚಾಚಾನ ಟಿ.ವಿ. ಒಂದೇ.